ಅಪ್‌ಡೇಟ್: ಮಗಳು ಕಮರಾಕ್ಷಿ ಹಣ್ಣಿನ ರುಚಿ ನೋಡಿದಳು

ಬೀದರಿನ ನಮ್ಮ ಹಿತ್ತಲಿನ ಕೆಂಪು ಮಣ್ಣಿನಲ್ಲಿ ಕಮರಾಕ್ಷಿ (ಸ್ಟಾರ್ ಫ್ರೂಟ್) ಗಿಡ ಮೊದಲ ಬಾರಿ ಕಾಯಿಬಿಟ್ಟಿದೆ, ನಾಲ್ಕು ವರ್ಷದ ಮಗಳಿಗೆ ಕೊಡಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ಪೂರ್ತಿ ಹಳದಿಯಾಗುವವರೆಗೆ ಕಾಯಿರಿ, ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಕೊಡಬೇಡಿ ಎಂದು ತಿಳಿಸಿದ ಎಲ್ಲರಿಗೂ ಮನಃಪೂರ್ವಕ ವಂದನೆಗಳು.

ಎರಡನೆಯ ಮಾತು ನಮ್ಮ ಮನೆಯನ್ನು ಕಾಪಾಡಿತು ಎಂದೇ ನಾನು ತಿಳಿದಿದ್ದೇನೆ. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ದುರ್ಬಲವಾಗಿರುವ ನಮ್ಮ ತಂದೆಯವರು ಮೊದಲ ಹಣ್ಣು ತಮಗೇ ಬೇಕೆಂದು ಕಾದಿದ್ದರು. ಈ ಹಣ್ಣಿನಲ್ಲಿರುವ ಆಕ್ಸಲೇಟ್ ಮತ್ತು ಕ್ಯಾರಂಬಾಕ್ಸಿನ್ ಎಂಬ ಅಂಶಗಳನ್ನು ಆರೋಗ್ಯವಂತ ಮೂತ್ರಪಿಂಡ ಹೊರಹಾಕುತ್ತದೆ. ಅದು ಸೋತಿದ್ದರೆ ಅವು ದೇಹದಲ್ಲೇ ಉಳಿದು, ನಿಲ್ಲದ ಬಿಕ್ಕಳಿಕೆಯಿಂದ ಆರಂಭವಾಗಿ ಗೊಂದಲ, ಸೆಳವಿನವರೆಗೂ ಹೋಗಬಹುದು. ವೈದ್ಯರೂ ಬೇಡವೆಂದ ಮೇಲೆ ಅವರು ಒಪ್ಪಿದರು.

ಭಾನುವಾರ ಬೆಳಿಗ್ಗೆ ಹಣ್ಣನ್ನು ತೊಳೆದು, ಐದು ಏಣುಗಳ ಕಂದು ಅಂಚನ್ನು ಹೆರೆದು, ಅಡ್ಡಲಾಗಿ ತೆಳುವಾಗಿ ಕೊಯ್ದು, ಬೀಜ ತೆಗೆದು ಮಗಳ ಮುಂದಿಟ್ಟೆ. ಅವಳು ನಕ್ಷತ್ರದಂತಿದ್ದ ಒಂದು ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತುದಿಯನ್ನಷ್ಟೇ ನೆಕ್ಕಿ, ಕಣ್ಣು ಬಿಗಿಯಾಗಿ ಮುಚ್ಚಿ, "ಅಪ್ಪಾ, ಚುಕ್ಕಿ ಹುಳಿ ಅದ" ಎಂದಳು. ಚಿಟಿಕೆ ಉಪ್ಪು ಸವರಿದ ಮೇಲೆ ಎರಡು ಬಿಲ್ಲೆ ತಿಂದಳು. ಮೂರನೆಯದನ್ನು ಮುತ್ಯಾನ (ಅಜ್ಜನ) ಕೈಗಿತ್ತು, "ನೀ ಬರೇ ನೋಡು, ತಿನಬ್ಯಾಡ" ಎಂದಳು. ಅವರು ಅದನ್ನು ಸಂಜೆಯವರೆಗೂ ತಟ್ಟೆಯಲ್ಲೇ ಇಟ್ಟುಕೊಂಡಿದ್ದರು.