ಮಂಜು ಮುಸುಕಿದ ಹಳೆ ಗೋವಾದ ಗೋಪುರ: ಜಲವರ್ಣದಲ್ಲಿ ಸಲಹೆ ಬೇಕು

ಪ್ರಶ್ನೆ (ವಾಸ್ಕೋ):
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಮಳೆ ಬಿಟ್ಟ ಹೊತ್ತಿನಲ್ಲಿ ಹಳೆ ಗೋವಾದ ಸಂತ ಅಗಸ್ಟೀನ್ ಚರ್ಚಿನ ಅವಶೇಷಗಳ ಎದುರು ಕುಳಿತು, ಮಂಜಿನಲ್ಲಿ ಅರ್ಧ ಮುಳುಗಿದ್ದ ಗೋಪುರವನ್ನು ಬಿಡಿಸಲು ಯತ್ನಿಸಿದೆ. ಆಕಾಶ ಚೆನ್ನಾಗಿಯೇ ಬಂದಿತ್ತು. ಆದರೆ ಬುಡದಲ್ಲಿ ಮಂಜು ತೋರಿಸಲೆಂದು ಅರೆ ಒಣಗಿದ ಬಣ್ಣದ ಮೇಲೆ ನೀರು ತುಂಬಿದ ಕುಂಚವನ್ನು ಆಡಿಸಿದ್ದೇ ತಡ, ಹೂಕೋಸಿನ ಅಂಚಿನಂಥ ಕಲೆಗಳೆದ್ದವು. ತಿದ್ದಲು ಹೋಗಿ ಎಲ್ಲವೂ ರಾಡಿಯಾಯಿತು. ಕಲ್ಲಿನ ನೆರಳಿಗೆ ಕಪ್ಪು ಬೆರೆಸಿದ್ದೆ. ಎಲ್ಲಿ ತಪ್ಪಿದೆ, ದಯವಿಟ್ಟು ತಿಳಿಸಿ.

ಉತ್ತರ 1 (ಮಡಗಾಂವ್):
ಕಾಗದದ ಮೇಲಿನ ಹೊಳಪು ಮಾಯವಾಗುವ ಹೊತ್ತಿನಲ್ಲಿ ಕಾಗದಕ್ಕಿಂತ ಹೆಚ್ಚು ನೀರು ಕುಂಚದಲ್ಲಿದ್ದರೆ, ಆ ನೀರು ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಬಿಡುತ್ತದೆ. ನಿಮ್ಮ ಕಲೆಗಳಿಗೆ ಅದೇ ಕಾರಣ. ನಮ್ಮ ಮಳೆಗಾಲದಲ್ಲಿ ಕಾಗದ ಬೇಗ ಒಣಗುವುದಿಲ್ಲವಾದ್ದರಿಂದ ಈ ಅಪಾಯದ ಹೊತ್ತು ಇನ್ನಷ್ಟು ಹಿಗ್ಗುತ್ತದೆ. ಅಂಗೈಯ ಹಿಂಬದಿಯನ್ನು ಕಾಗದಕ್ಕೆ ತಾಗಿಸಿ ನೋಡಿ: ತಣ್ಣಗಿದ್ದರೆ ಒಳಗೆ ಇನ್ನೂ ಪಸೆಯಿದೆ, ಕಾಯಿರಿ. ಮಂಜನ್ನು ಕೊನೆಗೆ ಸೇರಿಸುವುದಲ್ಲ, ಮೊದಲೇ ಉಳಿಸಿಕೊಳ್ಳಬೇಕು. ಬುಡದ ಜಾಗವನ್ನು ಶುದ್ಧ ನೀರಿನಿಂದ ಒದ್ದೆ ಮಾಡಿ, ಮೇಲಿನ ಒಣ ಕಾಗದದಿಂದ ಗೋಪುರದ ಬಣ್ಣವನ್ನು ಕೆಳಗಿಳಿಸುತ್ತ ಬಂದು, ಒದ್ದೆಗೆ ತಾಗಿದೊಡನೆ ಕುಂಚವನ್ನು ಎತ್ತಿಬಿಡಿ. ಅಂಚು ತಾನಾಗಿ ಕರಗುತ್ತದೆ. ಕಾಗದ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯದಾಗಿರಲಿ.

ಉತ್ತರ 2 (ಫೋಂಡಾ):
ಮೇಲಿನವರ ಮಾತು ಸರಿ. ಬಣ್ಣದ ಬಗ್ಗೆ ನಾನು ಸೇರಿಸುತ್ತೇನೆ. ಆ ಗೋಪುರ ಜಂಬಿಟ್ಟಿಗೆಯದು. ಕಪ್ಪು ಬಣ್ಣ ಅದರ ಕೆಂಪನ್ನು ಕೊಂದುಬಿಡುತ್ತದೆ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸಿ. ಆ ನೀಲಿಯ ಕಣಗಳು ಒರಟು ಕಾಗದದ ಗುಳಿಗಳಲ್ಲಿ ಕೂತು, ಪಾಚಿ ಹಿಡಿದ ತೂತುತೂತಾದ ಕಲ್ಲಿನಂತೆಯೇ ಕಾಣುತ್ತವೆ. ದೂರದ ಮರಗಳಿಗೆ ನೀಲಿ ಹೆಚ್ಚಿಸಿ ನೀರಾಗಿಸಿ.

ಇನ್ನೊಂದು ಮಾತು. 1842ರಲ್ಲಿ ಆ ಚರ್ಚಿನ ಕಮಾನು ಛಾವಣಿ ಕುಸಿಯಿತು, 1931ರಲ್ಲಿ ಮುಂಭಾಗದ ಜೊತೆಗೆ ಗೋಪುರದ ಅರ್ಧವೂ ಬಿತ್ತು. ಸುಮಾರು 46 ಮೀಟರ್ ಎತ್ತರವಿದ್ದ ಗೋಪುರದಲ್ಲಿ ಉಳಿದಿರುವುದು ಸೀಳಿದ ಭಾಗ ಮಾತ್ರ. ಆದ್ದರಿಂದ ಮಂಜಿಗೆ ಬುಡವನ್ನು ಕೊಟ್ಟರೂ, ಆಕಾಶಕ್ಕೆ ಎದುರಾದ ಆ ಮುರಿದ ಅಂಚನ್ನು ಒಣ ಕಾಗದದ ಮೇಲೆ ಸ್ಪಷ್ಟವಾಗಿಯೇ ಎಳೆಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮುರಿದ ಅಂಚನ್ನೂ ನಾನು ಮೆದುವಾಗಿಸಿದ್ದೆ. ಹಾಗಾಗಿಯೇ ಗೋಪುರ ಹೊಗೆಯಂತೆ ಕಂಡಿತ್ತು. ಬರುವ ಭಾನುವಾರ ಮತ್ತೆ ಹೋಗುತ್ತೇನೆ.