ಪದಚರ್ಚೆ: ಲಿಂಕನ್ ಘೋಷಣೆಯ ‘ಥ್ಯಾಂಕ್ಸ್‌ಗಿವಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆ ನಮಸ್ಕಾರ.

ನಮ್ಮ ಚರ್ಚಿನ ತೆನೆಹಬ್ಬದ ಸಂಚಿಕೆಗೆಂದು ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ 1863ರ ಅಕ್ಟೋಬರ್ 3ರಂದು ಹೊರಡಿಸಿದ ಘೋಷಣೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಚಿಕ್ಕ ಬರಹ, ಎರಡು ಪುಟಕ್ಕೆ ಮುಗಿಯುತ್ತದೆ. ಆದರೆ ನವೆಂಬರಿನ ಕೊನೆಯ ಗುರುವಾರವನ್ನು ಪರಲೋಕದ ತಂದೆಗೆ ‘ಥ್ಯಾಂಕ್ಸ್‌ಗಿವಿಂಗ್ ಮತ್ತು ಸ್ತುತಿ’ ಸಲ್ಲಿಸುವ ದಿನವಾಗಿ ಆಚರಿಸಿ ಅನ್ನುವ ಸಾಲಿಗೆ ಬಂದು ನಿಂತಿದ್ದೇನೆ. ಸ್ತುತಿಯೇನೋ ಸಲೀಸು. ಮೊದಲ ಪದಕ್ಕೆ ಏನು ಹಾಕಲಿ?

ಅಮೆರಿಕದವರ ಈ ಹಬ್ಬವನ್ನು ಪತ್ರಿಕೆಗಳು ಥ್ಯಾಂಕ್ಸ್‌ಗಿವಿಂಗ್ ಎಂದೇ ಬರೆಯುತ್ತವೆ. ಟರ್ಕಿ ಕೋಳಿ, ರಜೆ, ಮರುದಿನದ ಸೇಲು, ಇಷ್ಟಕ್ಕೆ ಆ ಹೆಸರು ಸಾಕು. ಆದರೆ ಈ ಘೋಷಣೆಯಲ್ಲಿ ಅದು ಹಬ್ಬದ ಹೆಸರಲ್ಲ, ಜನ ಮಾಡಬೇಕಾದ ಕೆಲಸ. ಅದೂ ಎಂಥ ಹೊತ್ತಿನಲ್ಲಿ! ದೇಶ ಎರಡು ಪಾಲಾಗಿ ಹೊಡೆದಾಡುತ್ತಿತ್ತು. ಆ ಯುದ್ಧದ ಗೆಟಿಸ್‌ಬರ್ಗ್ ಕಾಳಗ ಮುಗಿದು ಮೂರು ತಿಂಗಳಾಗಿತ್ತಷ್ಟೇ. ಆದರೂ ಬರಹ ಶುರುವಾಗುವುದು ಈ ವರ್ಷ ಹೊಲ ಚೆನ್ನಾಗಿ ಬೆಳೆಯಿತು, ಹವೆ ಚೆನ್ನಾಗಿತ್ತು ಅನ್ನುವ ಮಾತಿನಿಂದ. ಕೊನೆಗೆ ದೇಶದ ತಪ್ಪಿಗೆ ಪಶ್ಚಾತ್ತಾಪಪಡಿ, ವಿಧವೆಯರನ್ನು, ತಬ್ಬಲಿ ಮಕ್ಕಳನ್ನು ದೇವರ ಕೈಗೆ ಒಪ್ಪಿಸಿ ಎನ್ನುತ್ತದೆ. ಸಾರಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ಇಂಥದೊಂದು ರಾಷ್ಟ್ರೀಯ ದಿನ ಬೇಕೆಂದು ವರ್ಷಾನುಗಟ್ಟಲೆ ಬೆನ್ನುಹತ್ತಿದ್ದರು, ಲಿಂಕನ್ನರಿಗೂ ಪತ್ರ ಬರೆದಿದ್ದರು.

ಇದಕ್ಕೆ ‘ಧನ್ಯವಾದ’ ಹಾಕಿ ನೋಡಿದೆ. ದೇವರನ್ನು ವೇದಿಕೆ ಮೇಲೆ ಕೂರಿಸಿ, ಕಾರ್ಯದರ್ಶಿ ಮೈಕ್ ಹಿಡಿದು ವಂದನಾರ್ಪಣೆ ಮಾಡಿದ ಹಾಗಾಯಿತು. ಬೇಡ.

ಬೈಬಲಿನಲ್ಲಿ ಸಿಗಬಹುದು ಅಂತ ಹಳೆಯ ಸತ್ಯವೇದ ತೆಗೆದೆ. ಅಲ್ಲಿ ಒಂದು ಚಂದದ ಗೊಂದಲ ಇದೆ. ಲೂಕನ ಸುವಾರ್ತೆಯಲ್ಲಿ ಕೊನೆಯ ಊಟದ ಹೊತ್ತಿಗೆ ಯೇಸು ರೊಟ್ಟಿ ತೆಗೆದುಕೊಂಡು ‘ಸ್ತೋತ್ರಮಾಡಿ’ ಮುರಿಯುತ್ತಾನೆ. ಪೌಲನು ಥೆಸಲೋನಿಕದವರಿಗೆ ಬರೆಯುವಾಗ ಎಲ್ಲದರಲ್ಲಿಯೂ ‘ಕೃತಜ್ಞತಾಸ್ತುತಿ’ ಮಾಡಿರಿ ಎನ್ನುತ್ತಾನೆ. ಎರಡೂ ಕಡೆ ಗ್ರೀಕ್ ಮೂಲದಲ್ಲಿರುವುದು ಒಂದೇ ಕ್ರಿಯಾಪದ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಗೆ ಯೂಖರಿಸ್ತಿಯಾ ಎಂಬ ಹೆಸರು ಹುಟ್ಟಿದ್ದೂ ಅದರಿಂದಲೇ. ಅದನ್ನು ಕನ್ನಡದ ಕ್ಯಾಥೊಲಿಕರು ಪರಮಪ್ರಸಾದ ಅಂದರು. ಹೆಸರು ಬಾಯಿತುಂಬ ಇದೆ, ಆದರೆ ಥ್ಯಾಂಕ್ಸ್ ಅನ್ನುವ ಅರ್ಥ ಅದರಲ್ಲಿ ಕಾಣುವುದಿಲ್ಲ.

‘ಸ್ತೋತ್ರ’ ನನಗೆ ಇಷ್ಟ. ಆದರೆ ನಮ್ಮ ಸಂಚಿಕೆಯನ್ನು ಊರಿನ ಎಲ್ಲರೂ ಓದುತ್ತಾರೆ. ಪಕ್ಕದ ಮನೆಯವರಿಗೆ ಸ್ತೋತ್ರ ಅಂದರೆ ಸಂಜೆ ದೀಪ ಹಚ್ಚಿ ಹೇಳುವಂಥದ್ದು. ಮಲೆಯಾಳದ ಪೆಂಟೆಕೋಸ್ತ್ ಪ್ರಾರ್ಥನೆ ಕೇಳಿದವರಿಗೆ ಅದೊಂದು ಕೂಗು. ಇನ್ನು ‘ಕೃತಜ್ಞತಾಸ್ತುತಿ’ ಓದಲು ಆಗುತ್ತದೆ, ಆಡಲು ಆಗುವುದಿಲ್ಲ.

ಕೆಲವರು ಥ್ಯಾಂಕ್ಸ್ ಅನ್ನುವ ಮಲೆಯಾಳದ ‘ನಂದಿ’ಯ ಹಾಗೆ ‘ನನ್ನಿ’ ಅನ್ನಬಹುದಲ್ವಾ ಅಂದರು. ಈಗ ಹಾಗೆ ಬಳಸುವವರಿದ್ದಾರೆ, ತಕರಾರಿಲ್ಲ. ಆದರೆ ಹಳಗನ್ನಡದಲ್ಲಿ ನನ್ನಿ ಎಂದರೆ ಸತ್ಯ. ಗಂಗರ ಅರಸ ಬೂತುಗನ ಬಿರುದು ‘ನನ್ನಿಯ ಗಂಗ’ ನೆನಪಿಸಿಕೊಳ್ಳಿ. ಅಮೆರಿಕದ ಅಧ್ಯಕ್ಷರ ಬಾಯಲ್ಲಿ ಅದನ್ನು ಇಡಲು ನನಗೆ ಮನಸ್ಸು ಬರಲಿಲ್ಲ.

ಹಾಗಾದರೆ ನಾವು ದಿನಾ ಏನು ಹೇಳುತ್ತೇವೆ? ಕಾಸರಗೋಡಿನ ಬೇಳದ ಶೋಕಮಾತೆ ಚರ್ಚಿನ ಸುತ್ತಿನ ನಮ್ಮಂಥ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ರಾತ್ರಿ ತೇರ್ಸ್, ಅಂದರೆ ಜಪಮಾಲೆ, ಮುಗಿದ ಮೇಲೆ ಮಕ್ಕಳು ಕೈಮುಗಿದು ಹಿರಿಯರ ಹತ್ತಿರ ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳುತ್ತಾರೆ. ಹಿರಿಯರು ತಲೆಯ ಮೇಲೆ ಕೈ ಎತ್ತಿ ‘ದೇವ್ ಬರೆಂ ಕರುಂ’ ಎನ್ನುತ್ತಾರೆ. ದೇವರು ಒಳ್ಳೆಯದು ಮಾಡಲಿ. ಮಜಾ ಏನೆಂದರೆ, ಯಾರಾದರೂ ತೆಂಗಿನಕಾಯಿ ಮೂಟೆ ಹೊರಲು ಕೈಕೊಟ್ಟರೆ ಅವರಿಗೆ ಹೇಳುವುದೂ ಇದನ್ನೇ. ತುಳುವಿನಲ್ಲಿ ‘ದೇವೆರ್ ಎಡ್ಡೆ ಮಲ್ಪಡ್’ ಅಂದರೂ ಅದೇ ಮಾತು. ನಿನ್ನ ಉಪಕಾರ ನನ್ನಿಂದ ತೀರಿಸಲಿಕ್ಕಾಗದು, ದೇವರು ತೀರಿಸಲಿ ಅಂತ ಲೆಕ್ಕವನ್ನು ಮೇಲಕ್ಕೆ ದಾಟಿಸುವುದು. ನಮ್ಮ ಕಡೆ ಥ್ಯಾಂಕ್ಸೇ ಒಂದು ಪ್ರಾರ್ಥನೆ.

ತೊಡಕು ಇರುವುದು ಇಲ್ಲೇ. ಮನುಷ್ಯನಿಗೆ ಹೇಳುವಾಗ ದೇವರನ್ನು ಕರೆಯಬಹುದು. ದೇವರಿಗೇ ಹೇಳುವಾಗ ಯಾರನ್ನು ಕರೆಯುವುದು? ‘ದೇವರಿಗೆ ದೇವರು ಒಳ್ಳೆಯದು ಮಾಡಲಿ’ ಅನ್ನಲಾಗದು. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಲ್ಲಿ, ಅಂದರೆ ನಮ್ಮ ತೆನೆಹಬ್ಬದಲ್ಲಿ, ನಾವು ಮಾಡುವುದನ್ನೇ ನೋಡಿ. ಒಂಬತ್ತು ದಿನ ಮಕ್ಕಳು ಮಾತೆ ಮರಿಯಳಿಗೆ ಹೂ ಹಾಕುತ್ತಾರೆ. ಹಬ್ಬದ ದಿನ ಪಾದ್ರಿಗಳು ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ, ಬಾಳೆಲೆಯಲ್ಲಿ ಸಸ್ಯಾಹಾರದ ಊಟ. ತುಳುವರ ಹೊಸ ಅಕ್ಕಿಯೂಟವಾದ ಪುದ್ವಾರಿನ ನೆಂಟಸ್ತಿಕೆ ಎದ್ದು ಕಾಣುತ್ತದೆ.

ಆ ದಿನದ ಪ್ರಾರ್ಥನೆಯಲ್ಲಿ ಕೇಳುವ ‘ಉಪ್ಕಾರ್’ ನನಗೊಂದು ದಾರಿ ತೋರಿಸಿತು. ಕನ್ನಡದಲ್ಲಿ ‘ಉಪಕಾರ ಸ್ಮರಣೆ’ ಇದ್ದೇ ಇದೆ. ಉಪಕಾರ ಸ್ಮರಣೆ ಇಲ್ಲದವನು ಅಂತ ಬೈಯುವುದೂ ಇದೆ. ಮಾಡಿದ್ದನ್ನು ನೆನೆಯುವುದು, ಅಷ್ಟೇ. ಆದರೆ ನೆನೆಯುವುದು ಯಾರ ಉಪಕಾರವನ್ನು ಎಂದು ಹೇಳದಿದ್ದರೆ ದೇವರು ಮೆಲ್ಲನೆ ಜಾರಿಹೋಗುತ್ತಾನೆ. ಇಲ್ಲಿ ಹಾಗಾಗಬಾರದು. ವಾಷಿಂಗ್ಟನ್ 1789ರಲ್ಲಿ ಇಂಥ ದಿನ ಸಾರಿದ್ದರು. ಜೆಫರ್ಸನ್ ಅಧ್ಯಕ್ಷರಾದಾಗ, ಪ್ರಾರ್ಥಿಸಿ ಎನ್ನುವುದು ಸರಕಾರದ ಕೆಲಸವಲ್ಲ ಎಂದು ಸಾರಲೇ ಇಲ್ಲ. ಈ ಪದದಲ್ಲಿ ದೇವರಿದ್ದಾನೆ ಅಂತಲೇ ಅಲ್ವಾ ಆ ಜಗಳ? ಹಾಗಾಗಿ ಸದ್ಯಕ್ಕೆ ‘ದೇವರ ಉಪಕಾರ ಸ್ಮರಣೆ ಮತ್ತು ಸ್ತುತಿಯ ದಿನ’ ಅಂತ ಬರೆದಿಟ್ಟಿದ್ದೇನೆ. ಉದ್ದವಾಯಿತು, ಗೊತ್ತು.

ಈಗ ನನ್ನ ಪ್ರಶ್ನೆಗಳು. ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹೊಸ ಬೆಳೆ ತಂದು ಒಪ್ಪಿಸುವ ಆರಾಧನೆಯಲ್ಲಿ ಯಾವ ಪದ ಓಡುತ್ತದೆ? ತಾಳವಾಡಿ, ಹೊಸೂರು, ಸೊಲ್ಲಾಪುರ ಕಡೆಯ ಕನ್ನಡ ಕ್ರೈಸ್ತರು ಊಟಕ್ಕೆ ಮುಂಚೆ ಏನು ಹೇಳುತ್ತಾರೆ? ಯೇಸುವಿನ ಕೊನೆಯ ದಿನವನ್ನು ಖಂಡಕಾವ್ಯ ಮಾಡಿದ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಈ ಅರ್ಥಕ್ಕೆ ಯಾವ ಮಾತು ಬಳಸಿದ್ದಾರೆ ಅಂತ ಅವರನ್ನು ಚೆನ್ನಾಗಿ ಓದಿದವರು ಹೇಳಿದರೆ ಇನ್ನೂ ಒಳ್ಳೆಯದು. ನಿಘಂಟಿನ ಪದಕ್ಕಿಂತ ಬಾಯಲ್ಲಿರುವ ಪದ ಬೇಕು. ಸಂಚಿಕೆ ಆಗಸ್ಟ್ ಕೊನೆಗೆ ಅಚ್ಚಿಗೆ ಹೋಗುತ್ತದೆ, ಅದಕ್ಕೂ ಮೊದಲು ಬರೆಯಿರಿ.