ಎದ್ದು ನಿಲ್ಲು, ಹಾಡಲೇಬೇಕೆಂದಿಲ್ಲ

ಕಳೆದ ಸಂಚಿಕೆಯ ಪತ್ರ ನೆನಪಿರಬಹುದು. ಶಿರಸಿ ಹತ್ತಿರದ ಹಳ್ಳಿಯ ಹುಡುಗಿ. ಅರ್ಧಕ್ಕಿಂತ ಜಾಸ್ತಿ ಸ್ಕಾಲರ್‌ಶಿಪ್ ಸಿಕ್ಕಿ ಆಗಸ್ಟ್‌ನಲ್ಲಿ ಅಮೆರಿಕದ ಒಂದು ಸಣ್ಣ ಕ್ರಿಶ್ಚಿಯನ್ ಕಾಲೇಜಿಗೆ ಹೋಗಿದ್ದಾಳೆ. ಚಿಕಾಗೋದಿಂದ ಬಸ್ಸಿನಲ್ಲಿ ಅರ್ಧ ದಿನದ ದಾರಿ. ವಾರಕ್ಕೆ ಮೂರು ದಿನ ಚಾಪೆಲ್ (ಕಾಲೇಜಿನ ಪ್ರಾರ್ಥನಾ ಸಭೆ) ಕಡ್ಡಾಯ, ಬಾಗಿಲಲ್ಲಿ ಕಾರ್ಡ್ ಉಜ್ಜಿದರೆ ಹಾಜರಿ. ಸಸ್ಯಾಹಾರಿ, ಊಟಕ್ಕೂ ಕಷ್ಟ. ರೂಮ್‌ಮೇಟ್ ಒಳ್ಳೆಯವಳು. ಆದರೆ ರಾತ್ರಿ ದೀಪ ಆರಿಸಿದ ಮೇಲೆ ಇವಳ ಹೆಸರು ಹೇಳಿ ಗಟ್ಟಿಯಾಗಿ ಪ್ರಾರ್ಥನೆ ಮಾಡುತ್ತಾಳೆ. ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ ಅವಳ ಮನೆಗೆ ಹೋದಾಗ ಅವಳ ತಾಯಿ, "ಯೇಸುವನ್ನು ಒಪ್ಪಿಕೊಳ್ಳಲು ಇನ್ನೂ ಯಾಕೆ ತಡ?" ಎಂದು ಕೇಳಿದರಂತೆ. ಊರಲ್ಲಿ ಈ ಯಾವುದೂ ಗೊತ್ತಿಲ್ಲ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಕಳಿಸಿದ್ದಾರೆ. "ಬೇರೆ ಕಾಲೇಜಿಗೆ ಹೋಗಲಾ? ಜನವರಿಯಿಂದ ಕ್ಲಾಸಿಗೆ ಹೋಗುವುದನ್ನೇ ಬಿಟ್ಟು ವಾಪಸ್ ಬರಲಾ?" ಎಂದು ಕೇಳಿದ್ದಳು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ತಂಗೀ,

ನಾನು ಹೊನ್ನಾವರದ ಕಡೆಯ ಕ್ಯಾಥೊಲಿಕ್. ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದವನು. ನಿನ್ನ ಪತ್ರ ಓದಿ ಮೊದಲು ನಗು ಬಂತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ರೂಮ್‌ಮೇಟಿನ ಮನೆಯವರಂಥ ಕೆಲವರ ಲೆಕ್ಕದಲ್ಲಿ ನಾನೂ ಇನ್ನೂ ಯೇಸುವನ್ನು ಸರಿಯಾಗಿ ಒಪ್ಪಿಕೊಂಡು 'ರಕ್ಷಣೆ' ಆಗಬೇಕಾದವನೇ! ನನ್ನ ಅಣ್ಣನ ಮಗ ಇಂಥದೇ ಒಂದು ಕಾಲೇಜಿನಲ್ಲಿ ಓದಿದ. ಅವನ ಜೇಬಿನಲ್ಲಿದ್ದ ಜಪಸರ ನೋಡಿ, "ನೀವು ಮರಿಯಮ್ಮನನ್ನು ಪೂಜೆ ಮಾಡುತ್ತೀರಂತೆ, ಹೌದಾ?" ಎಂದು ಕೇಳಿ ಅವನಿಗಾಗಿಯೂ ವಾರಗಟ್ಟಲೆ ಪ್ರಾರ್ಥನೆ ಮಾಡಿದರು. ಮನೆಗೆ ಫೋನ್ ಮಾಡಿ, "ಚಿಕ್ಕಪ್ಪಾ, ನಾವು ಕ್ರಿಶ್ಚಿಯನ್ನರು ಹೌದಲ್ವಾ?" ಅಂದ.

ಕ್ರಿಶ್ಚಿಯನ್ ಕಾಲೇಜು ಅಂದರೆ ಎಲ್ಲವೂ ಒಂದೇ ನಮೂನೆ ಅಲ್ಲ. ಇದನ್ನು ನಮ್ಮೂರಲ್ಲಿ ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಜಾರ್ಜ್‌ಟೌನ್ 1789ರಲ್ಲಿ ಶುರುವಾದ ಕ್ಯಾಥೊಲಿಕ್ ವಿಶ್ವವಿದ್ಯಾಲಯ, ಜೆಸ್ವಿಟ್ ಪಾದ್ರಿಗಳದ್ದು. ಅಲ್ಲಿ ಹಿಂದೂ ಮಕ್ಕಳಿಗೆ 'ಧರ್ಮಾಲಯ' ಎಂದು ಬೇರೆ ಪ್ರಾರ್ಥನಾ ಕೋಣೆಯೇ ಇದೆ. ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಗಡದ್ದು. ಅಲ್ಲಿನ ಕ್ಯಾಂಟೀನ್ ಸಸ್ಯಾಹಾರಿ, ಆದರೆ ಶುಕ್ರವಾರ ಹೊತ್ತು ಮುಳುಗಿದರೆ ಶನಿವಾರ ಸಂಜೆಯವರೆಗೆ ಅವರಿಗೆ ಸಬ್ಬತ್, ಕೆಲಸ ಬಿಟ್ಟು ದೇವರಿಗೆ ಮೀಸಲಿಟ್ಟ ದಿನ. ಯೂಟಾದಲ್ಲಿರುವ ಮಾರ್ಮನ್ ಪಂಗಡದ ಬ್ರಿಗಂ ಯಂಗ್‌ನಲ್ಲಿ ಓದುವವರು ಚಹಾ, ಕಾಫಿ ಕುಡಿಯುವಂತಿಲ್ಲ. ನಿಮ್ಮ ಶಿರಸಿ ಕಡೆಯವರು ಅಲ್ಲಿ ಒಂದು ವಾರ ನಿಂತರೆ ನನಗೆ ಹೇಳು. ನಿನ್ನದು ಚಾಪೆಲ್ ಕಡ್ಡಾಯದ ಜಾತಿಯ ಕಾಲೇಜು. ಅವರು ಮುಚ್ಚಿಟ್ಟಿರಲಿಕ್ಕಿಲ್ಲ. ಸೇರುವಾಗ ಸಹಿ ಮಾಡಿದ ಕಾಗದ ತೆಗೆದು ಒಮ್ಮೆ ಓದು.

ಈಗ ಮುಖ್ಯ ಮಾತು. ಒಂದಲ್ಲ ಒಂದು ದಿನ ಚಾಪೆಲ್‌ನಲ್ಲಿ ರೊಟ್ಟಿ ತುಂಡು, ದ್ರಾಕ್ಷಿ ರಸದ ತಟ್ಟೆ ಸಾಲಿನಲ್ಲಿ ಕೈಯಿಂದ ಕೈಗೆ ಬರುತ್ತದೆ. ನಮ್ಮ ಕಡೆಯ ಮಕ್ಕಳು ಎಡವುವುದು ಇಲ್ಲೇ. ಮಾರಿಗುಡಿಯಲ್ಲಿ ಪ್ರಸಾದಕ್ಕೆ ಬಲಗೈ ಚಾಚಿದ ಅಭ್ಯಾಸ ನಿನ್ನದು. ಬೇಡ ಅಂದರೆ ದೇವರಿಗೆ ಅವಮಾನ ಅಂತ ಬೆಳೆದವಳು. ಅಲ್ಲಿ ಲೆಕ್ಕ ತಿರುಗುಮುರುಗು. ಅದು ನಂಬಿದವರಿಗೆ ಮಾತ್ರ. ತೆಗೆದುಕೊಂಡರೆ 'ಒಪ್ಪಿಕೊಂಡಳು' ಎಂದು ಖುಷಿಪಡುತ್ತಾರೆ. ತಟ್ಟೆಯನ್ನು ಪಕ್ಕದವರಿಗೆ ದಾಟಿಸು, ಅಷ್ಟೇ. ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮ ಇಗರ್ಜಿಗೆ ಬಂದರೂ ಅದೇ ಕ್ರಮ: ಪರಮಪ್ರಸಾದದ ಸಾಲಿಗೆ ಹೋಗದೆ ಕುಳಿತಲ್ಲೇ ಕುಳಿತಿರು.

ರೂಮ್‌ಮೇಟಿನ ಹತ್ತಿರ ಹಗಲಿನಲ್ಲಿ ಮಾತಾಡು, ಕತ್ತಲಲ್ಲಿ ಬೇಡ. "ನನಗಾಗಿ ಪ್ರಾರ್ಥಿಸು, ಬೇಡ ಅನ್ನುವುದಿಲ್ಲ. ಮನಸ್ಸಿನಲ್ಲಿ ಮಾಡು, ನನಗೆ ನಿದ್ದೆ ಬರುವುದಿಲ್ಲ" ಅನ್ನು. ಅವಳ ತಾಯಿ ಮತ್ತೆ ಕೇಳಿದರೆ, "ನನಗೆ ನನ್ನ ದೇವರಿದ್ದಾಳೆ, ಇನ್ನೊಂದು ತುಂಡು ಪೈ ಕೊಡಿ" ಎಂದು ಹೇಳಿ ತಟ್ಟೆ ಮುಂದೆ ಮಾಡು.

— ನಿವೃತ್ತ ಶಿಕ್ಷಕ, ಹೊನ್ನಾವರ ತಾಲೂಕು

*

ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಚಾಪೆಲ್ ಅಲ್ಲ. "ಕ್ಲಾಸಿಗೆ ಹೋಗುವುದನ್ನೇ ಬಿಟ್ಟು" ಅನ್ನುವ ಸಾಲು. ದಯವಿಟ್ಟು ಹಾಗೆ ಮಾತ್ರ ಮಾಡಬೇಡಿ.

ನಾನು ಕುಮಟೆಯವಳು. ಅಮೆರಿಕದಲ್ಲೇ ಡಿಗ್ರಿ ಮಾಡಿದವಳು, ಅದೂ ಚಾಪೆಲ್ ಇದ್ದ ಕಾಲೇಜಿನಲ್ಲೇ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಡಿಗ್ರಿಗೆ ಪ್ರತಿ ಸೆಮಿಸ್ಟರ್ ಕನಿಷ್ಠ 12 ಕ್ರೆಡಿಟ್ ಓದುತ್ತಿರಲೇಬೇಕು. ಹೇಳದೆ ಕೇಳದೆ ಕ್ಲಾಸ್ ಬಿಟ್ಟರೆ ಕಾಲೇಜು ಸರ್ಕಾರದ ಕಂಪ್ಯೂಟರಿನಲ್ಲಿ ನಿಮ್ಮ ದಾಖಲೆ ಮುಚ್ಚಿಬಿಡುತ್ತದೆ. ಆಮೇಲೆ ಇನ್ನೊಂದು ಸಲ ವೀಸಾ ಕೇಳುವಾಗ ಅದೇ ಎದುರಿಗೆ ಬಂದು ನಿಲ್ಲುತ್ತದೆ. ಬಿಡುವುದಾದರೂ, ಬದಲಾಯಿಸುವುದಾದರೂ, ಮೊದಲು ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ನಿಮ್ಮ ಐ-20ಗೆ (ವೀಸಾಕ್ಕಾಗಿ ಕಾಲೇಜು ಕೊಟ್ಟ ಪತ್ರಕ್ಕೆ) ಸಹಿ ಹಾಕುವ ಅಧಿಕಾರಿ ಇರುತ್ತಾರಲ್ವಾ, ಡಿಎಸ್‌ಒ, ಅವರ ಬಾಗಿಲು ತಟ್ಟಿ. ಬೇರೆ ಕಾಲೇಜಿನ ಪ್ರವೇಶ ಪತ್ರ ಕೈಗೆ ಬಂದ ಮೇಲೆ ಇವರು ದಾಖಲೆಯನ್ನು ಅಲ್ಲಿಗೆ ಕಳಿಸುತ್ತಾರೆ, ಅವರು ಹೊಸ ಐ-20 ಕೊಡುತ್ತಾರೆ. ನೆನಪಿಡಿ, ಸ್ಕಾಲರ್‌ಶಿಪ್ ನಿಮ್ಮ ಜೊತೆ ಬರುವುದಿಲ್ಲ. ಬೈಬಲ್ ಪೇಪರಿನ ಕ್ರೆಡಿಟ್ಟನ್ನು ಹೊಸ ಕಾಲೇಜು ಲೆಕ್ಕಕ್ಕೆ ಹಿಡಿಯುತ್ತದೋ ಇಲ್ಲವೋ ಮೊದಲೇ ಕೇಳಿ. ಖರ್ಚು ತೂಗಿಸಲು ಹೊರಗೆ ಹೋಟೆಲಿನಲ್ಲಿ ಕೆಲಸ ಮಾಡುತ್ತೇನೆ ಅಂತ ಮಾತ್ರ ಹೊರಡಬೇಡಿ. ಮೊದಲ ವರ್ಷ ಕ್ಯಾಂಪಸ್ಸಿನ ಒಳಗೇ, ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ತಾಸು. ಜಾಸ್ತಿ ಇಲ್ಲ.

ಚಾಪೆಲ್‌ಗೆ ಇಂತಿಷ್ಟು ಸಲ ತಪ್ಪಿಸಬಹುದು ಅಂತ ನಮ್ಮಲ್ಲಿ ಲೆಕ್ಕ ಇತ್ತು. ನಿಮ್ಮಲ್ಲೂ ಇದೆಯಾ ನೋಡಿ. ಇದ್ದರೆ ಪರೀಕ್ಷೆ ವಾರಕ್ಕೆ ಉಳಿಸಿಟ್ಟುಕೊಳ್ಳಿ. ನಾನು ಮೊದಲ ತಿಂಗಳಲ್ಲೇ ಎಲ್ಲ ಖರ್ಚು ಮಾಡಿ ಡಿಸೆಂಬರಿನಲ್ಲಿ ಅತ್ತಿದ್ದೆ.

ಊಟದ್ದೂ ಬರೆದಿದ್ದೀರಿ. 'ತರಕಾರಿ ಸೂಪ್' ಎಂದು ಬರೆದಿದ್ದರೂ ಕೋಳಿ ಸಾರಿನಲ್ಲಿ ಕುದಿಸಿರಬಹುದು, ಕೇಳಿಯೇ ಬಡಿಸಿಕೊಳ್ಳಿ. ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಎಲುಬು, ಚರ್ಮದಿಂದ ತೆಗೆದ ಜೆಲಾಟಿನ್ ಇರುತ್ತದೆ. ಹಾಸ್ಟೆಲ್ ಅಡುಗೆಕೋಣೆಯಲ್ಲಿ ಒಗ್ಗರಣೆಗೆ ಒಣಮೆಣಸು ಹಾಕಿದ ದಿನ ಬೆಂಕಿ ಗಂಟೆ ಹೊಡೆದು, ಇನ್ನೂರು ಜನ ಹಿಮದಲ್ಲಿ ಚಪ್ಪಲಿಯಲ್ಲೇ ನಿಂತಿದ್ದರು. ಅವರಿಗೆಲ್ಲ ಮರುದಿನ ಅಪ್ಪೆಹುಳಿ ಮಾಡಿ ಕೊಟ್ಟೆ. ಮೂರು ಜನ ಕುಡಿದರು. ಒಬ್ಬಳು ಇವತ್ತಿಗೂ ಸ್ನೇಹಿತೆ.

— ಸಾಫ್ಟ್‌ವೇರ್ ಉದ್ಯೋಗಿ, ಕುಮಟಾ

*

ನಾನು ಕಾರವಾರದಲ್ಲಿ ವಕೀಲ. ಕಾನೂನಿನ ಒಂದು ಮಾತು ಮಾತ್ರ ಹೇಳುತ್ತೇನೆ. ನಮ್ಮ ಸಂವಿಧಾನದ 28(3)ನೇ ವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆ, ಕಾಲೇಜಿನಲ್ಲಿ ಯಾರನ್ನೂ ಅವರ ಒಪ್ಪಿಗೆ ಇಲ್ಲದೆ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಅಮೆರಿಕದಲ್ಲಿ ಧರ್ಮಸ್ವಾತಂತ್ರ್ಯ ಕಾಪಾಡುವ ಸಂವಿಧಾನದ ಮೊದಲನೇ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು. ಖಾಸಗಿ ಕಾಲೇಜಿಗೆ ಅದು ತಾಗುವುದಿಲ್ಲ. ಹಾಗಾಗಿ 'ಚಾಪೆಲ್ ಕಡ್ಡಾಯ ಮಾಡುವುದು ಅನ್ಯಾಯ' ಎಂದು ಜಗಳಕ್ಕೆ ನಿಂತು ಪ್ರಯೋಜನವಿಲ್ಲ.

ಆದರೆ ಹಾಜರಿ ಬೇರೆ, ಆರಾಧನೆ ಬೇರೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆ ಹೊರಗೆ ಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ಗೌರವದಿಂದ ಎದ್ದು ನಿಂತರಲ್ಲ, ಹಾಡಿಲ್ಲ ಅಂತ ಅಗೌರವ ಆಗುವುದಿಲ್ಲ ಅಂದಿತು. ಆ ತೀರ್ಪು ಚಿಕಾಗೋದಲ್ಲಿ ನಡೆಯುವುದಿಲ್ಲ, ಗೊತ್ತು. ಆದರೆ ಆ ಮಕ್ಕಳು ನಿಂತ ರೀತಿಯಲ್ಲೇ ನೀವೂ ನಿಲ್ಲಬಹುದಲ್ವಾ? ಎಲ್ಲರ ಜೊತೆ ಏಳಿ. ಬಾಯಿ ನಿಮ್ಮದು.

— ಕಾರವಾರ

*

ಇಷ್ಟೆಲ್ಲ ಸರ್ಕಸ್ ಯಾಕೆ? ಧಾರವಾಡದಲ್ಲಿ ಕಾಲೇಜಿಲ್ವಾ? ವಾಪಸ್ ಬಾ.

— ಯಲ್ಲಾಪುರ

(ಹೀಗೇ ಬರೆದವರು ಇನ್ನೂ ಆರು ಮಂದಿ ಇದ್ದಾರೆ. ಇದು ಎಲ್ಲಕ್ಕಿಂತ ಚಿಕ್ಕದಾಗಿತ್ತು.)

*

ಕೂಸೇ,

ನಾನು ಶಿರಸಿಯಿಂದ ಬರೆಯುತ್ತಿದ್ದೇನೆ. ನಮ್ಮದೂ ತೋಟದ ಮನೆ. ನನ್ನ ಮಗನೂ ಹೊರದೇಶದಲ್ಲಿ ಓದಿದವನು. ಅಲ್ಲಿಗೆ ಹೋದ ಮೊದಲ ವರ್ಷವೇ ಕಾಯಿಲೆ ಬಿದ್ದು ಹತ್ತು ದಿನ ಆಸ್ಪತ್ರೆಯಲ್ಲಿದ್ದನಂತೆ. ನಮಗೆ ಗೊತ್ತಾದದ್ದು ಅವನ ಮದುವೆಗೆ ಬಂದ ಸ್ನೇಹಿತನ ಬಾಯಿಂದ, ಊಟದ ಪಂಕ್ತಿಯಲ್ಲಿ. ಕೈಯಲ್ಲಿ ತೊಡೆದೇವಿನ ಹರಿವಾಣ ಇತ್ತು. ಮುಂದಿನ ಎಲೆಗೆ ಬಡಿಸಿದೆನೋ ಇಲ್ಲವೋ ಈಗಲೂ ನೆನಪಿಲ್ಲ.

ಮನೆಯಲ್ಲಿ ಹೇಳು. ಆದರೆ ಹೇಳುವುದಕ್ಕೂ ಒಂದು ಕ್ರಮ ಇದೆ. ಮೊದಲು ಆಯಿಗೆ. ಅಪ್ಪನಿಗೆ ಆಯಿ ಹೇಳುತ್ತಾಳೆ, ಅವಳಿಗೆ ಹೊತ್ತು ಗೊತ್ತಿರುತ್ತದೆ. 'ಚಾಪೆಲ್' ಎಂದು ಶುರು ಮಾಡಿದರೆ ಮುಂದಿನದು ಯಾರ ಕಿವಿಗೂ ಹೋಗುವುದಿಲ್ಲ. ಏನು ತಿನ್ನುತ್ತಿದ್ದೀ, ಎಷ್ಟು ಮಾರ್ಕ್ಸ್ ಬಂತು, ಅದನ್ನು ಮೊದಲು ಹೇಳು. ಆಮೇಲೆ, "ಇಲ್ಲಿ ವಾರಕ್ಕೆ ಮೂರು ಸಲ ಪ್ರಾರ್ಥನೆಗೆ ಕೂರಬೇಕು, ನಾನು ಸುಮ್ನೆ ಕೂತು ಬರ್ತೇನೆ" ಅನ್ನು. ನಮ್ಮೂರಿನ ಎಷ್ಟೋ ಮಕ್ಕಳು ಕಾನ್ವೆಂಟಿನಲ್ಲಿ ಕೈಮುಗಿದು ನಿಂತು, ಮನೆಗೆ ಬಂದು ಬಾಯಿಪಾಠ ಒಪ್ಪಿಸಿದವರೇ. ನಿನ್ನ ಅಪ್ಪನಿಗೂ ಇದು ಗೊತ್ತಿಲ್ಲದ್ದೇನಲ್ಲ. ಅವರಿಗೆ ಹೆದರಿಕೆ ಇರುವುದು ಬೇರೆಯವರ ಬಾಯಿಯದು.

ನಿನ್ನ ಚಳಿಗಾಲದ ಗಡಿಯಾರದಲ್ಲಿ ಸಂಜೆ ಏಳು ಅಂದರೆ ನಮಗೆ ಮರುದಿನ ಬೆಳಿಗ್ಗೆ ಆರೂವರೆ. ಆಗ ಮಾಡು. ಆಯಿ ಕೊಟ್ಟಿಗೆ ಕೆಲಸ ಮುಗಿಸಿ ಚಹಾಕ್ಕೆ ಕೂತಿರುತ್ತಾಳೆ. ನಮಗೆ ರಾತ್ರಿಯಾದಾಗ ಮಾತ್ರ ಮಾಡಬೇಡ. ಅಡಿಕೆ ಗೊನೆ ಕೊಯ್ಲು ಶುರುವಾಗಿದೆ, ಸುಲಿಯಲು ಜಗಲಿ ತುಂಬ ಜನ ಬಂದಿರುತ್ತಾರೆ. ಆಯಿ ಫೋನ್ ಎತ್ತಿದವಳೇ ಸ್ಪೀಕರ್ ಒತ್ತುತ್ತಾಳೆ.

— ಒಬ್ಬ ಆಯಿ, ಶಿರಸಿ